ಟಕ್ ಕೇಳಿಸಬೇಕು

ನನ್ನ ಗಂಡ ಹೆಲ್ಮೆಟ್ ಮಾರುತ್ತಾರೆ. ಅವರಿಗೆ ಸದ್ಯ ಬೇಕಾಗಿರುವುದು, ಹೆಲ್ಮೆಟ್ ಹಾಕಿಕೊಳ್ಳದೆ ಬಿದ್ದವನೊಬ್ಬನ ಕಿಡ್ನಿ. ದೇವರಿಗೆ ತಮಾಷೆ ಗೊತ್ತಿಲ್ಲ ಎನ್ನುವವರು ಯಾರಾದರೂ ಇದ್ದರೆ ನಮ್ಮ ಅಂಗಡಿಗೆ ಬರಲಿ, ನಾನೇ ಸ್ಟೂಲು ಹಾಕಿ ಕೂರಿಸುತ್ತೇನೆ.

ಅಂಗಡಿ ದೊಡ್ಡದೇನಲ್ಲ. ಒಂದು ಕಡೆ ಬೀಗದ ಕೈ ಮಾಡುವವನು, ಇನ್ನೊಂದು ಕಡೆ ಜೆರಾಕ್ಸ್ ಅಂಗಡಿ, ನಡುವೆ ನಾವು. ಮೂರೂ ಗೋಡೆಗೆ ಮೊಳೆ ಹೊಡೆದು ಹೆಲ್ಮೆಟ್ ನೇತುಹಾಕಿದ್ದೇವೆ. ಗಿರಾಕಿ ಒಂದನ್ನು ಆರಿಸಿ ದುಡ್ಡು ಚಾಚಿದರೆ ನನ್ನ ಗಂಡ ಕೈ ಮುಂದೆ ಮಾಡುವುದಿಲ್ಲ. "ಹಾಕ್ಕೊಳ್ಳಿ" ಎನ್ನುತ್ತಾರೆ. ಹಾಕಿಕೊಂಡ ಮೇಲೆ "ಕ್ಲಿಪ್ ಹಾಕ್ಕೊಳ್ಳಿ" ಎನ್ನುತ್ತಾರೆ. ಗದ್ದದ ಕೆಳಗೆ ಕ್ಲಿಪ್ಪು ಟಕ್ ಎಂದು ಕೂತದ್ದು ಕಿವಿಗೆ ಬಿದ್ದ ಮೇಲೇ ದುಡ್ಡು. ಹಾಗಾಗಿ ಬೀದಿಗೆಲ್ಲ ಅವರು ಟಕ್ಕಣ್ಣ. ಟಕ್ಕ ಎಂದರೆ ಮೋಸಗಾರ ಅಂತಲೂ ಅರ್ಥ ಇದೆಯಲ್ಲ ರೀ ಎಂದು ಒಮ್ಮೆ ಹೇಳಿದೆ. "ಇರ್ಲಿ ಬಿಡೆ, ಹೆಸರಲ್ಲಾದ್ರೂ ಸ್ವಲ್ಪ ವ್ಯಾಪಾರ ಬುದ್ಧಿ ಇರ್ಲಿ" ಎಂದರು. ದಿನವಿಡೀ ಜನರ ತಲೆಗೆ ಹೆಲ್ಮೆಟ್ ಹಾಕಿದ ಮನುಷ್ಯ ಒಬ್ಬರಿಗೂ ಟೋಪಿ ಹಾಕಲಿಲ್ಲ. ಅದಕ್ಕೇ ನಾವು ಇನ್ನೂ ಬಾಡಿಗೆ ಮನೆಯಲ್ಲಿದ್ದೇವೆ.

ಅವರ ಕಿಡ್ನಿ ಎರಡೂ ಕೈಕೊಟ್ಟವು ಎಂದು ಗೊತ್ತಾದಾಗ ಮೊದಲು ನನ್ನದನ್ನೇ ಕೊಡಲು ಹೋದೆ. ನನ್ನ ರಕ್ತಕ್ಕೂ ಅವರ ರಕ್ತಕ್ಕೂ ಹೊಂದಾಣಿಕೆ ಆಗುವುದಿಲ್ಲ ಎಂದು ಲ್ಯಾಬಿನವರು ವರದಿ ಕೊಟ್ಟರು. ಇದಕ್ಕೆ ಲ್ಯಾಬು ಯಾಕೆ ಬೇಕಿತ್ತೋ, ನಮ್ಮ ಅತ್ತೆ ಮದುವೆಯಾದ ವಾರದಲ್ಲೇ ಪುಕ್ಕಟೆಯಾಗಿ ಹೇಳಿದ್ದರು.

ಹೊಂದಿದ್ದು ಮೈದುನನ ರಕ್ತ. ಮೈದುನನೆಂದರೆ ಸಾಮಾನ್ಯನಲ್ಲ, ಅಣ್ಣನಿಗಾಗಿ ಪ್ರಾಣವನ್ನೇ ಕೊಡುವವನು. ಎಷ್ಟೋ ವರ್ಷದಿಂದ ಕೊಡುತ್ತಲೇ ಬಂದಿದ್ದಾನೆ. ಅಂಗಡಿ ಹಾಕಲು ಸಾಲ ಕೇಳಿದಾಗ ಕೊಟ್ಟದ್ದು ಪ್ರಾಣವನ್ನೇ, ಮಗಳ ಫೀಸಿಗೆ ಕೈಗಡ ಕೇಳಿದಾಗಲೂ ಅದನ್ನೇ. ಮೊದಲನೇ ಟೆಸ್ಟಿಗೆ ಬಂದ. ಎರಡನೇ ಟೆಸ್ಟಿನ ಹೊತ್ತಿಗೆ ಬೆನ್ನು ಹಿಡಿದುಕೊಂಡಿತು. ಆಮೇಲೆ ಕಾರು ಕೆಟ್ಟಿತು. ಆಮೇಲೆ ಅವನ ಹೆಂಡತಿ ಫೋನಿನಲ್ಲಿ ಏನೋ ಓದಿ ಅತ್ತಳಂತೆ. ಕೊನೆಗೆ ನಮ್ಮ ಮನೆಯ ಕುರ್ಚಿಯಲ್ಲಿ ಕೂತು, ಕಣ್ಣಲ್ಲಿ ನೀರು ತಂದುಕೊಂಡು, "ಅತ್ತಿಗೆ, ಅಣ್ಣನಿಗೋಸ್ಕರ ಪ್ರಾಣ ಬೇಕಾದ್ರೂ ಕೊಡ್ತೀನಿ. ಆದ್ರೆ ಇದೊಂದು..." ಎಂದು ನಿಲ್ಲಿಸಿದ. ನನಗೆ ಅರ್ಥವಾಯಿತು. ಇಡೀ ಗಾಡಿ ಬೇಕಾದರೆ ಹೊಡೆದುಕೊಂಡು ಹೋಗಿ, ಬಿಡಿಭಾಗ ಮಾತ್ರ ಕೇಳಬೇಡಿ ಎನ್ನುವ ಪೈಕಿ ಅವನು. ನನ್ನ ಗಂಡ ಅವನ ಬೆನ್ನು ಸವರಿ ಸಮಾಧಾನ ಮಾಡಿದರು. ನೋವಿದ್ದ ಬೆನ್ನಲ್ಲವೇ.

ಹೀಗಾಗಿ ನಾವು ಪಟ್ಟಿಗೆ ಸೇರಿದೆವು. ಪಟ್ಟಿ ಎಂದರೆ, ಮೆದುಳು ಸತ್ತವರ ಮನೆಯವರು ಒಪ್ಪಿ ಕೊಟ್ಟ ಕಿಡ್ನಿಗಾಗಿ ಕಾಯುವವರ ಸಾಲು. ಅದನ್ನು ನೋಡಿಕೊಳ್ಳುವ ಆಸ್ಪತ್ರೆಯ ಹೆಂಗಸನ್ನು ನಾವು ಪಟ್ಟಿ ಮೇಡಂ ಎನ್ನುತ್ತೇವೆ. ಒಳ್ಳೆಯವರು, ಕೆಟ್ಟ ಸುದ್ದಿ ಹೇಳುವಾಗಲೂ ಪೆನ್ನು ಕೆಳಗಿಟ್ಟು ಹೇಳುತ್ತಾರೆ. ಅವರು ಮೊದಲ ದಿನವೇ ಹೇಳಿದರು, "ದುಡ್ಡು ರೆಡಿ ಇರ್ಬೇಕು. ಫೋನ್ ಆನ್ ಇರ್ಬೇಕು. ಯಾವ ನಂಬರಿಂದ ಬೇಕಾದ್ರೂ ಕರೆ ಬರಬಹುದು. ಎತ್ತಲಿಲ್ಲ ಅಂದ್ರೆ ಮುಂದಿನೋರಿಗೆ ಹೋಗುತ್ತೆ ಅಮ್ಮಾ."

ದುಡ್ಡಿನ ಲೆಕ್ಕಕ್ಕೆ ಅಲ್ಲಿ ಪ್ಯಾಕೇಜ್ ಎನ್ನುತ್ತಾರೆ, ಪ್ರವಾಸ ಹೊರಟವರ ಹಾಗೆ. ಊಟ, ವಾಸ ಸೇರಿದೆ. ಆಮೇಲೆ ಬದುಕಿರುವಷ್ಟು ದಿನ ನುಂಗಬೇಕಾದ ಮಾತ್ರೆ ಮಾತ್ರ ಸೇರಿಲ್ಲ. ಇದ್ದ ಒಡವೆ ಮಾರಿದೆವು, ಸಾಲ ಸಿಕ್ಕಷ್ಟು ತಗೊಂಡೆವು, ಸಾಲದ್ದಕ್ಕೆ ಅಂಗಡಿಯ ಮುಂದೆ ಬಟ್ಟೆಯ ಬ್ಯಾನರು ಕಟ್ಟಿದೆವು. ಅರ್ಧ ಬೆಲೆಗೆ ಹೆಲ್ಮೆಟ್.

ಜನ ಮುಗಿಬಿದ್ದರು. ಹುಟ್ಟಿದಾಗಿನಿಂದ ಗಾಳಿಗೆ ತಲೆ ಒಡ್ಡಿಕೊಂಡು ಓಡಾಡಿದವರೂ ಬಂದರು. ಒಬ್ಬಾತ ಹೆಂಡತಿಗೊಂದು, ತನಗೊಂದು, ಹಿಂದೆ ಕೂರುವ ಸ್ನೇಹಿತನಿಗೊಂದು ಒಯ್ದ. ನನ್ನ ಗಂಡ ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿಕೊಂಡು, ಸೂಜಿ ಚುಚ್ಚಿ ಚುಚ್ಚಿ ಉಬ್ಬಿಹೋದ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಬಲಗೈಯಲ್ಲಿ ಒಬ್ಬೊಬ್ಬರ ಗದ್ದವನ್ನೂ ತಡವಿ ನೋಡುತ್ತಿದ್ದರು. ಟಕ್. ಟಕ್. ಟಕ್. ಕಿಡ್ನಿಗೆ ದುಡ್ಡು ಕೂಡಿಸಲು ನಾವು ಊರಿನ ತಲೆಗಳನ್ನೆಲ್ಲ ಕಾಪಾಡುತ್ತಿದ್ದೆವು. ತಲೆಗಳು ಕ್ಷೇಮವಾದಷ್ಟೂ ಕಿಡ್ನಿ ದೂರ. ಇಷ್ಟು ಚೆನ್ನಾಗಿ ಯೋಚಿಸಿದ ವ್ಯಾಪಾರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಂದು ಸಂಜೆ ಬಾಗಿಲೆಳೆಯುವಾಗ ನನಗೆ ತಡೆಯಲಾಗಲಿಲ್ಲ.

"ಹೀಗೆ ಎಲ್ಲರ ಗದ್ದಾನೂ ಹಿಡಿದು ಕ್ಲಿಪ್ ಹಾಕಿಸ್ತಾ ಕೂತ್ರೆ ನಿಮಗೆ ಎಲ್ಲಿಂದ ಬರುತ್ತೆ ರೀ?"

ಅವರು ಬಾಯಲ್ಲಿದ್ದ ಮಂಜುಗಡ್ಡೆಯ ಚೂರನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿಕೊಂಡರು. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಅಳತೆ ಕೊಟ್ಟಿರುವುದರಿಂದ, ಬಾಯಾರಿದಾಗ ಅವರು ಮಂಜುಗಡ್ಡೆ ಚೀಪುತ್ತಾರೆ.

"ಎಲ್ಲಿಂದ ಬೇಕಾದ್ರೂ ಬರ್ಲಿ ಕಣೆ. ನನ್ನ ಅಂಗಡಿಯಿಂದ ಬರೋದು ಬೇಡ."

ಇಂಥವರ ಜೊತೆ ಜಗಳವಾಡಿ ಪ್ರಯೋಜನವಿಲ್ಲ. ನಾನು ಬೀಗ ಹಾಕಿದೆ.

ಫೋನು ನನ್ನ ಕೈಗೆ ಅಂಟಿಕೊಂಡಿತು. ಗುರುತಿಲ್ಲದ ನಂಬರು ಬಂದರೆ ಮೊದಲೆಲ್ಲ ಕತ್ತರಿಸುತ್ತಿದ್ದವಳು ಈಗ ಒಂದನೇ ರಿಂಗಿಗೇ "ಹಲೋ, ಹೇಳಿ" ಎನ್ನುತ್ತೇನೆ. ಸಾಲ ಕೊಡುವವರು, ಸೈಟು ಮಾರುವವರು, ವಿಮೆಯವರು, ಎಲ್ಲರಿಗೂ ನಾನೆಂದರೆ ಪ್ರೀತಿ. ಅವರ ಜೀವನದಲ್ಲಿ ಇಷ್ಟು ಮರ್ಯಾದೆಯಾಗಿ ಮಾತಾಡಿದವಳು ನಾನೊಬ್ಬಳೇ ಇರಬೇಕು. ಇನ್ನು ನೆಂಟರು. "ಕರೆ ಬಂತಾ?" ಎಂದು ಕೇಳಲು ಕರೆ ಮಾಡುತ್ತಾರೆ. ಬಂತು, ನಿಮ್ಮದೇ ಬಂತು, ಇಡಿ ಎನ್ನುತ್ತೇನೆ. ಕಾಳಜಿ ಹೆಚ್ಚಿದ್ದವರು ಅರ್ಧ ಗಂಟೆ ಇಡುವುದೇ ಇಲ್ಲ.

ನನ್ನೊಳಗೆ ಇನ್ನೇನೋ ಕೆಡುತ್ತಿತ್ತು. ಪೇಪರು ಬಂದರೆ ಅಪಘಾತದ ಸುದ್ದಿ ಮೊದಲು ಹುಡುಕುವ ಅಭ್ಯಾಸವಾಯಿತು. ಆಂಬುಲೆನ್ಸ್ ಕೂಗಿದರೆ ನಾವಿಬ್ಬರೂ ತಲೆ ಎತ್ತುತ್ತಿದ್ದೆವು, ಒಬ್ಬರನ್ನೊಬ್ಬರು ನೋಡದೆ ಮತ್ತೆ ತಗ್ಗಿಸುತ್ತಿದ್ದೆವು. ನನಗೆ ಅವರು ಬೇಕು, ಅಷ್ಟೇ. ಬೆಳಗ್ಗೆ ಎದ್ದರೆ ಪಕ್ಕದಲ್ಲಿ ಕೆಮ್ಮಬೇಕು, ಷರಟಿನ ಗುಂಡಿ ತಪ್ಪಾಗಿ ಹಾಕಿಕೊಂಡು ಹೊರಡಬೇಕು. ಅದಕ್ಕೆ ಬೇರೊಬ್ಬಳ ಮನೆಯಲ್ಲಿ ಯಾರೋ ಒಬ್ಬ ಎದ್ದೇಳಬಾರದು. ಈ ಎರಡು ಮಾತನ್ನೂ ಒಂದೇ ತಲೆಯಲ್ಲಿ ಇಟ್ಟುಕೊಂಡು ನೋಡಿ, ಎಷ್ಟು ಹೊತ್ತು ಇಟ್ಟುಕೊಳ್ಳುತ್ತೀರೋ.

ಕರೆ ಬಂದದ್ದು ಒಂದು ಮಧ್ಯಾಹ್ನ. ಪಟ್ಟಿ ಮೇಡಂ ಬೇರೆ ನಂಬರಿನಿಂದ ಮಾತಾಡಿದರು. "ಏನೂ ತಿನ್ನಿಸ್ಬೇಡಿ, ತಕ್ಷಣ ಹೊರಡಿ." ಮೈದುನನ ಕಾರು ಆ ದಿನ ಕೆಟ್ಟಿರಲಿಲ್ಲ. ನಮ್ಮನ್ನು ಕೂರಿಸಿಕೊಂಡು ಸಿಗ್ನಲ್ಲು ಹಾರಿಸಿಕೊಂಡು ಆಸ್ಪತ್ರೆ ಮುಟ್ಟಿಸಿದ. ಅಲ್ಲಿ ಹೋದ ಮೇಲೆ ಗೊತ್ತಾಯಿತು. ದಾನಿಯ ಒಂದು ಕಿಡ್ನಿ ಬೇರೆ ಆಸ್ಪತ್ರೆಗೆ, ಒಂದು ಇಲ್ಲಿಗೆ. ಇಲ್ಲಿಯ ಒಂದಕ್ಕೆ ಇಬ್ಬರನ್ನು ಕರೆಸಿದ್ದಾರೆ. ಮೊದಲನೆಯವನಿಗೆ ಕೊನೆಯ ಗಳಿಗೆಯಲ್ಲಿ ಏನಾದರೂ ಆಗಿಬರದಿದ್ದರೆ ಎರಡನೆಯವನಿಗೆ. ನನ್ನ ಗಂಡ ಎರಡನೆಯವರು, ಗಾಡಿಯ ಸ್ಟೆಪ್ನಿ ಟಯರಿನ ಹಾಗೆ.

ಬೆಂಚಿನಲ್ಲಿ ನನ್ನ ಎದುರಿಗೆ ಮೊದಲನೆಯವನ ಹೆಂಡತಿ ಕೂತಿದ್ದಳು. ಅವಳ ಕೈಯಲ್ಲೂ ನನ್ನಂಥದ್ದೇ ವರದಿಗಳ ಪ್ಲಾಸ್ಟಿಕ್ ಚೀಲ. ನೀರಿನ ಬಾಟಲಿ ನನ್ನ ಕಡೆ ಚಾಚಿದಳು. ನಾನು ಅವಳ ನೀರು ಕುಡಿಯುತ್ತಾ, ಅವಳ ಗಂಡನಿಗೆ ಸಣ್ಣದೊಂದು ಜ್ವರ ಬರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಸಾಯುವುದು ಬೇಡ, ಸುಮ್ಮನೆ ಮೈ ಬೆಚ್ಚಗಾದರೆ ಸಾಕು. ಅಷ್ಟರ ಮಟ್ಟಿಗೆ ನಾನು ಕರುಣಾಮಯಿ.

ಜ್ವರ ಬರಲಿಲ್ಲ. ಅವನನ್ನು ಒಳಗೆ ಕರೆದರು. ಹೆಂಡತಿ ಎದ್ದು ನನ್ನ ಎರಡೂ ಕೈ ಹಿಡಿದುಕೊಂಡಳು.

"ನಿಮ್ಮೋರಿಗೂ ಬೇಗ ಸಿಗ್ಲಿ ಅಕ್ಕ. ದಿನಾ ಬೇಡ್ಕೋತೀನಿ."

ಪಾಪ, ಯಾರ ಮನೆಯಿಂದ ಎಂದು ಅವಳೂ ಯೋಚಿಸಿರಲಿಲ್ಲ.

ವಾಪಸು ಕರೆತಂದದ್ದೂ ಮೈದುನನೇ. ಅವನಿಗೆ ಮೌನ ಆಗಿಬರುವುದಿಲ್ಲ.

"ಬೇಜಾರು ಮಾಡ್ಕೋಬೇಡ ಅಣ್ಣ. ಮುಂದಿನ ವಾರ ಸಾಲು ರಜೆ. ರಸ್ತೆ ತುಂಬ ಹುಡುಗ್ರು ಗಾಡಿ ಹಾರಿಸ್ಕೊಂಡು ಓಡಾಡ್ತಾರೆ. ಏನಾದ್ರೂ ಒಂದು ಆಗೇ ಆಗುತ್ತೆ."

ಅವನನ್ನು ಬೈಯುವ ಹಕ್ಕು ನನಗಿರಲಿಲ್ಲ. ನಾನು ಪೇಪರಿನಲ್ಲಿ ದಿನಾ ಹುಡುಕುತ್ತಿದ್ದದ್ದನ್ನೇ ಅವನು ಗಟ್ಟಿಯಾಗಿ ಹೇಳಿದ್ದ. ನನ್ನ ಗಂಡ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು.

ಸಾಲು ರಜೆ ಬಂತು. ಹಿಂದಿನ ದಿನ ಅಂಗಡಿಯ ಮುಂದೆ ಹೊಚ್ಚ ಹೊಸ ಬೈಕೊಂದು ಗುಡುಗಿಕೊಂಡು ನಿಂತಿತು. ಇಳಿದದ್ದು ನಮ್ಮ ಮೈದುನ. ಸ್ನೇಹಿತರ ಜೊತೆ ದೂರದ ಪ್ರವಾಸವಂತೆ. ಬೆನ್ನು ನೋವಿನವರಿಗೆ ಬೈಕ್ ಸವಾರಿ ಒಳ್ಳೆಯದಿರಬೇಕು.

"ಅತ್ತಿಗೆ, ಒಂದು ಒಳ್ಳೆ ಹೆಲ್ಮೆಟ್ ಕೊಡಿ."

ಇದ್ದುದರಲ್ಲೇ ದುಬಾರಿಯದು ಆರಿಸಿದ. ದುಡ್ಡಿನ ಮಾತು ಎತ್ತಲಿಲ್ಲ, ನಾವೂ ಕೇಳಲಿಲ್ಲ. ತಲೆಗೆ ಸಿಕ್ಕಿಸಿಕೊಂಡು, ಜೆರಾಕ್ಸ್ ಅಂಗಡಿಯ ಗಾಜಿನಲ್ಲಿ ಮುಖ ನೋಡಿಕೊಂಡು, ಬೈಕು ಹತ್ತಿದ. ಕ್ಲಿಪ್ಪು ಎರಡೂ ಕಡೆ ನೇತಾಡುತ್ತಿತ್ತು.

ನಾನು ನೋಡಿದೆ. ನೋಡಿಯೂ ಸುಮ್ಮನಿದ್ದೆ. ರಕ್ತ ಹೊಂದುವ ಮನುಷ್ಯ, ಹೊಸ ಗಾಡಿ, ಸಾಲು ರಜೆ. ನನ್ನ ಮನಸ್ಸು ಆಗ ಎಲ್ಲಿಗೆ ಹೋಗಿತ್ತೋ ಅಲ್ಲಿಗೆ ನಿಮ್ಮನ್ನು ಕರೆದುಕೊಂಡು ಹೋಗುವುದಿಲ್ಲ.

ನನ್ನ ಗಂಡ ಕುರ್ಚಿಯಿಂದ ಎದ್ದರು. ಹಿಂದಿನ ದಿನ ಡಯಾಲಿಸಿಸ್ ಆಗಿ ಎರಡು ಹೆಜ್ಜೆಗೊಮ್ಮೆ ನಿಲ್ಲುವ ಸ್ಥಿತಿ. ಗೋಡೆ ಹಿಡಿದು, ಮೆಟ್ಟಿಲಿಳಿದು, ಬೀದಿಗೆ ಹೋಗಿ ಬೈಕಿನ ಮುಂದೆ ನಿಂತರು. ತಮ್ಮನಿಗೆ ಏನನ್ನಿಸಿತೋ, ಹೆಲ್ಮೆಟ್ಟಿನ ಒಳಗಿಂದಲೇ ಗದ್ಗದನಾದ.

"ಅಣ್ಣಾ, ನಿನಗೋಸ್ಕರ ಪ್ರಾಣ ಬೇಕಾದ್ರೂ ಕೊಡ್ತೀನಿ."

"ಪ್ರಾಣ ನೀನೇ ಇಟ್ಕೊಳೋ" ಎಂದರು ನನ್ನ ಗಂಡ, "ಗದ್ದ ಎತ್ತು."

ಒಂದೇ ಕೈಯಲ್ಲಿ ಆಗಲಿಲ್ಲ. ಭಾರ ತಾಗಿಸಬಾರದು ಎಂದು ಡಾಕ್ಟರು ಹೇಳಿದ್ದ ಎಡಗೈಯನ್ನೂ ಎತ್ತಿ, ಗದ್ದದ ಕೆಳಗೆ ತಡಕಾಡಿ ಕ್ಲಿಪ್ಪು ಕೂಡಿಸಿದರು. ಟಕ್. ಬೈಕು ಹೋಯಿತು. ಬಂದು ಕೂತು ಏದುಸಿರು ಬಿಡುತ್ತಿದ್ದವರನ್ನು ನೋಡಿ ನನಗೆ ಅಳು ಬಂತು, ಸಿಟ್ಟೂ ಬಂತು. ಮಂಜುಗಡ್ಡೆಯ ಚೂರೊಂದನ್ನು ಅವರ ಬಾಯಿಗಿಟ್ಟೆ.

ಆಗ ನನ್ನ ಕೈಯಲ್ಲಿದ್ದ ಫೋನು ರಿಂಗಾಯಿತು. ಗುರುತಿಲ್ಲದ ನಂಬರು.

"ಹಲೋ, ಹೇಳಿ."

ಹಾರ್ನುಗಳ ಗದ್ದಲ, ಬೀಸುವ ಗಾಳಿ, ನಡುವೆ ಒಬ್ಬ ಗಂಡಸಿನ ದನಿ. "ಅಮ್ಮಾ, ಪಾರ್ಸಲ್ ಇದೆ. ಹೆಲ್ಮೆಟ್ ಅಂಗಡಿ ಅಂತ ಇದೆ ಅಡ್ರೆಸ್ಸು. ಬೀಗದ ಕೈ ಅಂಗಡಿ ಬಲಕ್ಕಾ ಎಡಕ್ಕಾ?"

ಆಸ್ಪತ್ರೆಯಲ್ಲ. ಇಡಬೇಕು ಅಂದುಕೊಂಡೆ, ಆದರೆ ಗಾಳಿಯ ಸದ್ದು ನಿಂತಿರಲಿಲ್ಲ.

"ಗಾಡಿ ಓಡಿಸ್ತಾ ಮಾತಾಡ್ತಿದ್ದೀಯೇನಪ್ಪಾ?"

"ಹೌದಮ್ಮಾ, ಅರ್ಜೆಂಟು, ಇನ್ನೂ ತುಂಬಾ ಡೆಲಿವರಿ ಇದೆ."

"ಮೊದ್ಲು ಪಕ್ಕಕ್ಕೆ ನಿಲ್ಸು. ನಿಲ್ಸು ಅಂದೆ!"

ಗಾಳಿ ನಿಂತಿತು.

"ಹೆಲ್ಮೆಟ್ ಹಾಕಿದ್ದೀಯಾ?"

"ಹಾಕಿದ್ದೀನಮ್ಮಾ. ಅದ್ರೊಳಗೇ ಫೋನ್ ಸಿಗಿಸ್ಕೊಂಡಿದ್ದೀನಿ."

"ಕ್ಲಿಪ್ಪು?"

ಕುರ್ಚಿಯಲ್ಲಿ ನನ್ನ ಗಂಡ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದರು. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾದೆ. ಇಷ್ಟು ತಿಂಗಳು ಕಾದವಳಿಗೆ ಇದೇನು ದೊಡ್ಡದು.

ಟಕ್.

"ಯಾರೇ ಅದು?" ಎಂದರು ಅವರು. "ಆಸ್ಪತ್ರೆಯೋರಾ?"

"ಅಲ್ಲ ರೀ" ಎಂದೆ. "ನಿಮ್ಮ ಅಂಗಡಿಗೇ ಬರ್ತಿರೋನು."