ವರದಾಬಾಯಿಯ ದನಿ

ಕೊಹೀರಿನ ವರದಾಬಾಯಿಯ ಗಂಟಲಲ್ಲಿ ಗಡ್ಡೆಯಾಗಿತ್ತು. ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ದನಿ ಮಾತ್ರ ಉಳಿಯುವುದಿಲ್ಲ ಎಂದಿದ್ದರು ಡಾಕ್ಟರು. ಅಷ್ಟರೊಳಗೆ ತಾಯಿಯ ಹಾಡುಗಳನ್ನು ರೆಕಾರ್ಡ್ ಮಾಡಿಕೊಳ್ಳಬೇಕೆಂದು ಟೀಚರಾಗಿದ್ದ ಮಗಳು ಅರ್ಪಿತಾ ಕಂಪ್ಯೂಟರ್ ಕೊಳ್ಳಲು ಜಹೀರಾಬಾದಿಗೆ ಹೋದಳು. ಅವಳ ಹಳೆಯ ಮೊಬೈಲಿನಲ್ಲಿ ಆ ಸೌಲಭ್ಯವಿರಲಿಲ್ಲ.

"ಲ್ಯಾಪ್‌ಟಾಪ್ ತಗೋರಿ ಅಕ್ಕಾ, ಕರೆಂಟ್ ಹೋದ್ರೂ ನಡೀತದ," ಎಂದ ಅಂಗಡಿಯವನು.

ಆದರೆ ಅರ್ಪಿತಾಳಿಗೆ ಗೇಮ್ ಆಡುವ ಹುಚ್ಚು. ಡೆಸ್ಕ್‌ಟಾಪಿನಲ್ಲಿ ಗೇಮ್‌ಗಳು ಚೆನ್ನಾಗಿ ಓಡುತ್ತವೆ. "ರೆಕಾರ್ಡಿಂಗ್‌ಗೂ ಇದೇ ಛಲೋ ಅದ," ಎಂದು ತನಗೆ ತಾನೇ ಹೇಳಿಕೊಂಡು ಅದನ್ನೇ ತಂದಳು.

ಮರುವಾರವೇ ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಮುಷ್ಕರ ಶುರುವಾಯಿತು. ಕಲ್ಲಿದ್ದಲು ಗಣಿಗಳೂ ನಿಂತು, ಕರೆಂಟು ಗಂಟೆಗಟ್ಟಲೆ ಇಲ್ಲವಾಯಿತು. ಅಪರೂಪಕ್ಕೆ ಕರೆಂಟು ಬಂದಾಗ ವರದಾಬಾಯಿ ಎರಡು ಸಾಲು ಹಾಡುವಷ್ಟರಲ್ಲಿ ಪರದೆ ಆರಿ, ಹಾಡಿದ್ದೆಲ್ಲ ಅಳಿಸಿಹೋಗುತ್ತಿತ್ತು.

"ಮತ್ತೊಮ್ಮೆ ಹಾಡ್ತೀನಿ, ಅಳಬ್ಯಾಡ," ಎನ್ನುತ್ತಿದ್ದಳು ತಾಯಿ. ಆಪರೇಷನ್ನಿನ ದಿನ ಬಂದೇಬಿಟ್ಟಿತು.

ಮುಷ್ಕರ ಮುಗಿದ ಮೇಲೆ ಅರ್ಪಿತಾ ಕಂಪ್ಯೂಟರನ್ನೆಲ್ಲ ಜಾಲಾಡಿದಳು. ಉಳಿದಿದ್ದು ಒಂದೇ ತುಣುಕು. ಅದರಲ್ಲಿ ಹಾಡಿರಲಿಲ್ಲ.

"ಸುರು ಮಾಡ್ಲೇನು ಅರ್ಪಿತಾ?" ಎಂದಿತ್ತು ಅವ್ವನ ದನಿ.

ಪಕ್ಕದಲ್ಲೇ ಕೂತಿದ್ದ ವರದಾಬಾಯಿ ಅದನ್ನು ಕೇಳಿ, ಎದ್ದು ಒಳಗೆ ಹೋದಳು.