ಒಂದೇ ಮುಚ್ಚಳ

"ಇಗೋ, ಇನ್ನೊಂದು!" ಎಂದು ಅವಳು ಚಿಮುಟದಲ್ಲಿ ಬಸವನಹುಳುವನ್ನು ಕಿತ್ತು ಬಕೆಟ್ಟಿಗೆ ಎಸೆದಳು. ಅಕ್ವೇರಿಯಂನ ಗಾಜಿಗೆ, ಗಿಡಕ್ಕೆ, ಗುಳ್ಳೆ ಬಿಡುವ ಕೊಳವೆಗೆ, ಎಲ್ಲೆಲ್ಲೂ ಅವೇ. ಒಂದನ್ನು ಕಿತ್ತರೆ ಅದರ ಹಿಂದೆ ಸಾಸಿವೆ ಗಾತ್ರದ ಇನ್ನೆರಡು. ಈ ಪೀಡೆ ಎಲ್ಲಿಂದ ವಕ್ಕರಿಸಿತೋ ಎಂದು ಅವಳು ಹಲ್ಲು ಕಡಿದಳು.

"ಬಿಡೇ ಪಾಪ, ನಿನ್ನ ತವರಿನ ನೆಂಟರಿಗಿಂತ ವಾಸಿ. ಗಲಾಟೆನಾದ್ರೂ ಮಾಡಲ್ಲ," ಎಂದ ಅಂಗಡಿಗೆ ಹೊರಟಿದ್ದ ಗಂಡ.

ಅವನದು ರಸ್ತೆ ತುದಿಯ ಔಷಧಿ ಅಂಗಡಿ. ಇಪ್ಪತ್ತೆಂಟು ವರ್ಷದಲ್ಲಿ ಅವನ ಕೈಯಿಂದ ಒಂದು ಮಾತ್ರೆ ಹೆಚ್ಚು ಹೋದದ್ದಿಲ್ಲ, ಒಂದು ಕಡಿಮೆ ಹೋದದ್ದಿಲ್ಲ. ಅದಕ್ಕೇ ಬಡಾವಣೆಯವರು ಅವನಿಗೆ ತಕ್ಕಡಿ ಎಂದು ಹೆಸರಿಟ್ಟಿದ್ದರು. ಡಾಕ್ಟರುಗಳ ಕಾಗೆ ಕಾಲು ಗುಬ್ಬಿ ಕಾಲು ಬರಹವನ್ನು ತಡವರಿಸದೆ ಓದುವವನು ಆ ಸುತ್ತಿನಲ್ಲಿ ಅವನೊಬ್ಬನೇ. ಆ ಹೆಸರಿನ ಬಗ್ಗೆ ಅವನಿಗಿಂತ ಹೆಂಡತಿಗೇ ಜಂಬ ಜಾಸ್ತಿ.

ಅವನು ಹೋದ ಮೇಲೆ ಅವಳು ಫೋನಿನಲ್ಲಿ ಮೀನಿನ ತೊಟ್ಟಿಯ ಫೋಟೊ ತೆಗೆದುಕೊಂಡು ಬಣ್ಣದ ಮೀನಿನ ಅಂಗಡಿಗೆ ಹೋದಳು.

"ಗಿಡದ ಜೊತೆ ಒಂದೆರಡು ಬರೋದು ಮಾಮೂಲಿ ಅಕ್ಕಾ," ಎಂದ ಮೀನಿನವನು ಫೋಟೊವನ್ನು ದೊಡ್ಡದು ಮಾಡಿ ನೋಡುತ್ತ. "ಇಷ್ಟು ಆಗ್ಬೇಕಾದ್ರೆ ಮೀನು ತಿಂದು ಮಿಕ್ಕಿದ್ದು ತಳದಲ್ಲಿ ಕೊಳೀತಾ ಇದೆ ಅಂತ ಅರ್ಥ. ಊಟ ದಿನಕ್ಕೆ ಎಷ್ಟು ಸಲ ಹಾಕ್ತೀರಾ?"

"ಒಂದೇ ಸಲ. ನಮ್ಮನೆಯವರೇ ಹಾಕೋದು. ಅವರು ಕಾಳು ಎಣಿಸಿ ಹಾಕೋ ಪೈಕಿ."

"ಹಾಗಾದ್ರೆ ಇನ್ಯಾರೋ ಹಾಕ್ತಿದಾರೆ."

ಮನೆಯಲ್ಲಿ ಇರುವುದೇ ಇಬ್ಬರು. ಮೂರು ತಿಂಗಳು ಬರಬೇಕಾದ ಮೀನಿನ ಆಹಾರದ ಡಬ್ಬಿ ಮೂರೇ ವಾರಕ್ಕೆ ಬರಿದಾದದ್ದು ಅವಳಿಗೆ ಆಗ ನೆನಪಾಯಿತು. ಮೀನಿನವನು ಹುಳ ಸಾಯುವ ಔಷಧಿಯ ಬಾಟಲಿ ಕೊಟ್ಟು, "ಒಂದೇ ಮುಚ್ಚಳ, ಒಂದೇ ಸಲ. ಎರಡನೇದು ಬಿದ್ರೆ ಹುಳದ ಜೊತೆ ಮೀನೂ ಹೋಗುತ್ತೆ," ಎಂದು ಒತ್ತಿ ಹೇಳಿ ಕಳಿಸಿದ.

ಮಾರನೆಯ ಬೆಳಗ್ಗೆ ಅವಳು ತೊಟ್ಟಿಯ ಪಕ್ಕದ ಹೊಲಿಗೆ ಮೆಷಿನ್ನಿಗೆ ಕೂತಳು. ಕಾಲು ತುಳಿಯುತ್ತಿತ್ತು, ಕಣ್ಣು ಗಂಡನ ಮೇಲಿತ್ತು. ಕಟ್ಟಿಕೊಂಡವನನ್ನು ಕಳ್ಳನ ಹಾಗೆ ಕಾಯುವ ಗತಿ ಬಂತಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಭಯವೇ ಹೆಚ್ಚಾಗಿತ್ತು.

ಅವನು ಬಾಟಲಿಯ ಸೀಲು ಒಡೆದ. ಮುಚ್ಚಳವನ್ನು ಕಣ್ಣಿನ ನೇರಕ್ಕೆ ಹಿಡಿದು ಅಂಚಿನವರೆಗೆ ತುಂಬಿಸಿದ. "ತಗೊಳ್ರಪ್ಪ, ಊಟಕ್ಕೆ ಮುಂಚೆ," ಎಂದು ಹುಳಗಳಿಗೆ ಹೇಳಿ ನೀರಿಗೆ ಸುರಿದ. ಅವಳು ನಕ್ಕಳು. ಸದ್ಯ, ಏನೂ ಇಲ್ಲ, ಸುಮ್ಮನೆ ತಲೆ ಕೆಡಿಸಿಕೊಂಡೆ ಎಂದುಕೊಂಡಳು. ಅವನು ಒಳಗೆ ಹೋಗಿ ಮುಖ ತೊಳೆದು, ಟವೆಲ್ಲಿನಲ್ಲಿ ಒರೆಸಿಕೊಳ್ಳುತ್ತ ಬಂದು ತೊಟ್ಟಿಯ ಮುಂದೆ ನಿಂತ.

"ಅಬ್ಬಾ, ಎಷ್ಟಾಗಿವೆ ನೋಡು!"

ಬಾಟಲಿ ಎತ್ತಿಕೊಂಡ. ಮುಚ್ಚಳವನ್ನು ಕಣ್ಣಿನ ನೇರಕ್ಕೆ ಹಿಡಿದು ಅಂಚಿನವರೆಗೆ ತುಂಬಿಸಿದ.

"ತಗೊಳ್ರಪ್ಪ, ಊಟಕ್ಕೆ ಮುಂಚೆ."

ಅವಳು ಎದ್ದ ರಭಸಕ್ಕೆ ಸ್ಟೂಲು ಉರುಳಿತು. ಅವನ ಮಣಿಕಟ್ಟು ಹಿಡಿದೆಳೆದಳು. ಮುಚ್ಚಳದಲ್ಲಿದ್ದದ್ದು ನೆಲದ ಪಾಲಾಯಿತು.

"ರೀ, ಆಗಲೇ ಹಾಕಿದ್ರಲ್ಲ!"

"ಯಾರು?"

ತಮಾಷೆಯಿರಬೇಕು ಎಂದು ಅವನ ಮುಖ ನೋಡಿದಳು. ಅಲ್ಲಿ ತಮಾಷೆ ಇರಲಿಲ್ಲ.

"ನೀವೇ. ಈಗಷ್ಟೇ."

"ಏನೇ ನೀನು, ಬೆಳಗ್ಗೆ ಬೆಳಗ್ಗೆ..." ಎನ್ನುತ್ತ ಅವನು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ನೆಲಕ್ಕೆ ಚೆಲ್ಲಿದ್ದು ಒಂದು ಮುಚ್ಚಳ. ಹೊಸ ಬಾಟಲಿಯಲ್ಲಿ ಕಡಿಮೆಯಾದದ್ದು ಎರಡು. ಹೆಂಡತಿಯ ಮಾತನ್ನಾದರೆ ತಳ್ಳಿಹಾಕುತ್ತಿದ್ದ; ಬಾಟಲಿಯ ಗೆರೆಯನ್ನು ತಳ್ಳಿಹಾಕುವುದು ಅವನ ಜಾಯಮಾನವಲ್ಲ. ಅವನು ಬಾಟಲಿಯನ್ನು ಮೆಲ್ಲಗೆ ಕೆಳಗಿಟ್ಟ.

"ಎಷ್ಟು ದಿನದಿಂದ ಹೀಗೆ?"

"ಗೊತ್ತಿಲ್ಲ ರೀ. ಮೀನಿಗೆ ಊಟ ಹಾಕೋದೂ ಹೀಗೇ ಆಗ್ತಿತ್ತು ಅನ್ಸುತ್ತೆ."

ತಟ್ಟನೆ ಅವನ ಮುಖ ಬಿಳಿಚಿಕೊಂಡಿತು. "ಮೂಲೆಮನೆ ಮಗು," ಎಂದ. "ನಿನ್ನೆ ಸಂಜೆ ಜ್ವರಕ್ಕೆ ಹನಿ ಔಷಧಿ ಕೊಟ್ಟೆ. ಕೊಟ್ಟಿದ್ದು ನೆನಪಿದೆ ಕಣೇ. ಏನು ಕೊಟ್ಟೆ, ಎಷ್ಟು ಕೊಟ್ಟೆ..."

ಇಬ್ಬರೂ ಸಿಕ್ಕಿದ ಚಪ್ಪಲಿ ಮೆಟ್ಟಿಕೊಂಡು ಓಡಿದರು. ಮೂಲೆಮನೆಯ ಬಾಗಿಲು ತೆರೆಯುವಷ್ಟರಲ್ಲಿ ಅವಳಿಗೆ ಜೀವ ಬಾಯಿಗೆ ಬಂದಿತ್ತು.

"ಮಗು ಹೇಗಿದೆಯಮ್ಮಾ?"

"ಜ್ವರ ಬಿಡ್ತು ಅಂಕಲ್, ಮಲಗಿದೆ. ನಾನೇ ಬರೋಳಿದ್ದೆ." ಮಗುವಿನ ತಾಯಿ ಒಳಗೆ ಹೋಗಿ ಎರಡು ಪುಟ್ಟ ಬಾಟಲಿ ತಂದಳು. ಎರಡೂ ಒಂದೇ ಔಷಧಿ. ಎರಡರ ಮೇಲೂ ಅವನ ದುಂಡು ಅಕ್ಷರ: ಐದು ಹನಿ, ದಿನಕ್ಕೆ ಮೂರು ಸಲ. "ಒಂದು ಕೊಟ್ರಿ, ಮೆಟ್ಟಿಲು ಇಳಿಯೋವಾಗ ಕರೆದು ಇನ್ನೊಂದು ಕೊಟ್ರಿ. ಎರಡನ್ನೂ ಹಾಕ್ಬೇಕೋ ಏನೋ ಅಂತ ಭಯ ಆಗಿ ಒಂದನ್ನೇ ಹಾಕಿದೆ. ತಪ್ಪಾಯ್ತಾ?"

"ಇಲ್ಲಮ್ಮ. ನೀನು ಮಾಡಿದ್ದೇ ಸರಿ," ಎಂದು ಅವನು ಎರಡನೆಯ ಬಾಟಲಿಯನ್ನು ವಾಪಸ್ಸು ಇಸಕೊಂಡ.

ರಸ್ತೆಗೆ ಬಂದ ಮೇಲೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನ ಕಾಲು ರೂಢಿಯಂತೆ ಅಂಗಡಿಯ ಕಡೆಗೇ ತಿರುಗಿತು. ಹತ್ತು ಹೆಜ್ಜೆ ಹೋಗಿ ನಿಂತ. ಜೇಬಿನಿಂದ ಬೀಗದ ಕೈ ಗೊಂಚಲು ತೆಗೆದು ಅವಳ ಕೈಗೆ ಹಾಕಿದ.

"ಇನ್ಮೇಲೆ ಅಂಗಡಿ ತೆಗೆಯಲ್ಲ ಅಂತ ನೀನೇ ಹೋಗಿ ಹೇಳು," ಎಂದ. "ನನ್ನ ಕೈಲಾಗಲ್ಲ."

ಮುಚ್ಚಿದ ಶಟರಿನ ಮುಂದೆ ಆಗಲೇ ಮೂವರು ಕಾಯುತ್ತಿದ್ದರು. ಅವನನ್ನು ಕಂಡದ್ದೇ ಮುದುಕಿಯೊಬ್ಬಳು ಚೀಟಿ ಎತ್ತಿ ತೋರಿಸಿ, ಅವನು ಬಂದು ಬೀಗ ತೆಗೆಯಲೆಂದು ಮೆಟ್ಟಿಲಿನ ಒಂದು ಬದಿಗೆ ಸರಿದು ನಿಂತಳು.