ಅಂಚಿನ ಹಸಿರು

ಸಾಕೇ, ಇನ್ನೂ ಸ್ವಲ್ಪ ಬೇಕೇ? ಮೌಸ್ ಹಿಡಿದಿದ್ದ ಖದೀರನ ಕೈ ನಿಂತಿತು. ಸ್ಟುಡಿಯೋದ ಕಂಪ್ಯೂಟರ್ ಪರದೆಯ ಮೇಲೆ, ಫೋಟೋದಲ್ಲಿ, ಕಂಠಪ್ಪನವರ ಎಡಭುಜ ಹಿಂದಿನ ತಿಳಿನೀಲಿಗೆ ಕರಗುತ್ತಿತ್ತು. ಎಲ್ಲಿಗೆ ನಿಲ್ಲಿಸಬೇಕೆಂದು ಅವನಿಗೆ ತಿಳಿಯಲಿಲ್ಲ. ಅದನ್ನು ಹೇಳುವ ಕಂಠಪ್ಪ ಇಷ್ಟು ವರ್ಷವೂ ಅವನ ಕುರ್ಚಿಯ ಹಿಂದೆಯೇ ನಿಂತಿರುತ್ತಿದ್ದರು. ಅಂಚು ಸರಿಯಾಗಿ ಕರಗಿತು ಅನ್ನಿಸಿದಾಗ "ಸಾಕು ಬುಡು" ಎನ್ನುತ್ತಿದ್ದರು. ಈಗ ಅವರು ಕಟ್ಟೆಮಳಲವಾಡಿಯಲ್ಲಿ, ತಮ್ಮ ಮನೆಯ ಜಗಲಿಯ ಮೇಲೆ, ಹೊಸ ಪಂಚೆ ಉಡಿಸಿಕೊಂಡು ಗೋಡೆಗೆ ಒರಗಿ ಕೂತಿದ್ದರು. ಬೆಳಗಿನ ಜಾವ ಎದೆನೋವು ಬಂದಿತ್ತು. ಕಾರು ಹುಣಸೂರು ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು.

ಫೋನು ಮಾಡಿದವನು ಅವರ ತಮ್ಮ ಪುಟ್ಟಸ್ವಾಮಿ. ಮಗಳು ರಮ್ಯ ಮಿರ್ಲೆಯಿಂದ ಬರಬೇಕು, ಅವಳು ಬಂದ ಮೇಲೆ ಶವ ಎತ್ತುವುದು, ಅಷ್ಟರೊಳಗೆ ಪಕ್ಕದಲ್ಲಿ ಇಡಲು ಒಂದು ಫೋಟೋ ಬೇಕು ಎಂದಿದ್ದ. ಆಮೇಲೆ "ನೀನಲ್ದೆ ಇನ್ಯಾರು ಮಾಡಾರು ಹೇಳು" ಎಂದಿದ್ದ.

ಸುತ್ತಿನ ಊರುಗಳಿಗೆಲ್ಲ ಫೋಟೋ ತೆಗೆದ ಮನುಷ್ಯನದೇ ಒಂದು ಸರಿಯಾದ ಫೋಟೋ ಇರಲಿಲ್ಲ. ರಮ್ಯಳ ಮದುವೆಯನ್ನೂ ಕಂಠಪ್ಪ ತಾವೇ ತೆಗೆದಿದ್ದರು. ಧಾರೆಯ ಹೊತ್ತಿಗೆ ಮಾತ್ರ, ಹೆಂಡತಿ ಚೆಲುವಮ್ಮ ಗದರಿದ ಮೇಲೆ, ಕ್ಯಾಮೆರಾವನ್ನು ಖದೀರನ ಕೈಗಿತ್ತು ಮಣೆಯ ಬಳಿಗೆ ಹೋಗಿದ್ದರು. ಆ ಫೋಟೋಗಳಲ್ಲಿ ಅವರು ಮಗಳ ಕೈ ಮೇಲೆ ಹಾಲು ಬಿಡುತ್ತಿದ್ದಾರೆ, ಕಣ್ಣು ಮಾತ್ರ ಕ್ಯಾಮೆರಾದ ಕಡೆಗಿದೆ. ಒಂದರಲ್ಲಿ ಹುಬ್ಬು ಏರಿಸಿ ಎಡಕ್ಕೆ ಸರಿ ಎನ್ನುತ್ತಿದ್ದಾರೆ. ಇನ್ನೊಂದರಲ್ಲಿ ಗದ್ದದಿಂದಲೇ ಹಿಂದಕ್ಕೆ ಹೋಗು ಎನ್ನುತ್ತಿದ್ದಾರೆ.

ಉಳಿದದ್ದು ಒಂದೇ ಫೋಟೋ. ಖದೀರನ ಮಗಳು ತಹಸೀನಳ ಮದುವೆಯ ದಿನದ್ದು. ಅಂದು ಕಂಠಪ್ಪ ಕ್ಯಾಮೆರಾ ಮುಟ್ಟಿರಲಿಲ್ಲ. ಬೇರೆ ಊರಿನ ಸ್ಟುಡಿಯೋದವರನ್ನು ತಾವೇ ಗೊತ್ತುಮಾಡಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದು, ಮುಂದಿನ ಸಾಲಿನಲ್ಲಿ ಕೂತಿದ್ದರು. ಊಟವಾದ ಮೇಲೆ ತಹಸೀನ್ ತನ್ನ ಮೊಬೈಲಿನಲ್ಲಿ ಅಪ್ಪನನ್ನೂ ಅವರನ್ನೂ ನಿಲ್ಲಿಸಿ ತೆಗೆದದ್ದು. ಹಸಿರು ಜುಬ್ಬದ ಖದೀರ್ ಬಿಗಿಯಾಗಿ ನಿಂತಿದ್ದ. ಅವನಿಗೆ ಭುಜ ತಾಗಿಸಿ ನಿಂತಿದ್ದ ಕಂಠಪ್ಪ ನಗುತ್ತಿದ್ದರು, ಯಾರಿಗೂ ಆಚೆ ಸರಿ, ಈಚೆ ಸರಿ ಎನ್ನದೆ.

ಇವರ ಮುಖ ಉಳಿಯಬೇಕಾದರೆ ಫೋಟೋದಿಂದ ತಾನು ಹೋಗಬೇಕು. ಅದರಲ್ಲಿ ಕಷ್ಟವೇನೂ ಇರಲಿಲ್ಲ. ಭುಜದ ಬಳಿ ಅಂಚನ್ನು ಅಗಲವಾಗಿ ಕರಗಿಸಿದರೆ ಹಸಿರು ಮಂಜಿನ ಹಾಗೆ ಉಳಿಯುತ್ತಿತ್ತು. ಕಂಠಪ್ಪನವರ ಪದ್ಧತಿ ಅದೇ. ಆದರೆ ಆ ಮನೆಯವರ ದುಃಖದ ನಡುವೆ ತನ್ನ ಜುಬ್ಬದ ಬಣ್ಣಕ್ಕೆ ಏನು ಕೆಲಸ? ಖದೀರ್ ಅಂಚನ್ನು ಕಿರಿದು ಮಾಡಿದ. ಹಸಿರು ಪೂರ್ತಿ ಹೋಯಿತು. ಪ್ರಿಂಟು ತೆಗೆದು, ಫ್ರೇಮಿಗೆ ಹಾಕಿ, ಬೈಕಿನ ಮುಂದೆ ಇಟ್ಟುಕೊಂಡು ಹೊರಟ.

*

ಖದೀರ್ ಮೊದಲು ಬೋರ್ಡು ಬರೆಯುತ್ತಿದ್ದವನು. ಅಂಗಡಿಗಳ ಹೆಸರು, ಲಾರಿಯ ಹಿಂದಿನ ಹೂಬಳ್ಳಿ, ಶಾಲೆಯ ಗೋಡೆ. ಊರಿಗೆ ಫ್ಲೆಕ್ಸ್ ಬಂದ ಮೇಲೆ ಅವನ ಕುಂಚಗಳು ಡಬ್ಬಿಯಲ್ಲೇ ಒಣಗಿದವು. ತಹಸೀನ್ ಆಗ ಕೈಗೂಸು. ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗುವುದೆಂದು ಅವನು ಮನಸ್ಸು ಮಾಡಿದ್ದ ವಾರವೇ ಕಂಠಪ್ಪ ಹಳೇ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಅವನನ್ನು ಹಿಡಿದರು. ಸ್ಟುಡಿಯೋಗೆ ಕಂಪ್ಯೂಟರ್ ತಂದಿದ್ದೇನೆ, ನನಗೆ ಕೈ ಓಡುವುದಿಲ್ಲ ಎಂದರು.

"ನಂಗೂ ಬರಾಕಿಲ್ಲ ಕಂಠಪ್ಪಣ್ಣ."

"ನಿಂಗೆ ಗೆರೆ ಗೊತ್ತಲ್ಲ. ನನ್ ಕಣ್ಣು, ನಿನ್ ಕೈ. ನಡಿ."

ಮೊದಲ ಕೆಲಸ ಕಂಠಪ್ಪನವರ ಊರಿನ ದೊಡ್ಡತಾಯಮ್ಮನ ಗಂಡನ ಫೋಟೋ. ಅವನು ತೀರಿಕೊಂಡಾಗ ಮನೆಯಲ್ಲಿ ಇದ್ದದ್ದು ಒಂದೇ ಫೋಟೋ, ಯಾರದೋ ಗೃಹಪ್ರವೇಶದಲ್ಲಿ ಗಂಡ ಹೆಂಡತಿ ಒತ್ತಾಗಿ ನಿಂತದ್ದು. ಖದೀರ್ ಇಡೀ ಮಧ್ಯಾಹ್ನ ಕೂತು, ಅಕ್ಷರ ಬರೆಯುವ ಬಿಗಿಯಲ್ಲಿ ಆತನನ್ನು ಬಿಡಿಸಿ ತೆಗೆದ. ಒಂದು ಕೂದಲೂ ಆಚೀಚೆ ಇರಲಿಲ್ಲ. ಕಂಠಪ್ಪ ಬಹಳ ಹೊತ್ತು ನೋಡಿದರು.

"ಇದು ಅಕ್ಷರ ಅಲ್ಲ ಕಣ್ಲಾ. ಅಕ್ಷರಕ್ಕೆ ಅಂಚು ಬೇಕು. ಮನುಷ್ಯಂಗೆ ಬ್ಯಾಡ."

ಪಕ್ಕದವರನ್ನು ಅಳಿಸಬೇಡ, ಮುಚ್ಚು ಎಂದೂ ಹೇಳಿದರು. ಹಾಗೆ ಮುಚ್ಚಿಟ್ಟರೆ ಫೋಟೋದ ಒಳಗೆ ಎಲ್ಲರೂ ಇದ್ದೇ ಇರುತ್ತಾರೆ, ಬೇಕೆಂದಾಗ ಕಂಪ್ಯೂಟರಿನ ಕುಂಚ ಆಡಿಸಿದರೆ ಮತ್ತೆ ಕಾಣುತ್ತಾರೆ. ಅಂದು ಅವರು ಅಂಚನ್ನು ಅಗಲ ಮಾಡಿಸುತ್ತಾ, ಮಾಡಿಸುತ್ತಾ, ದೊಡ್ಡತಾಯಮ್ಮನ ಕೆಂಪು ಸೀರೆ ಗಂಡನ ತೋಳಿನ ಬಳಿ ಕುಂಕುಮ ಚೆಲ್ಲಿದಷ್ಟು ಉಳಿದಾಗ, ಸಾಕು ಎಂದರು.

*

ಕಂಠಪ್ಪನವರ ಮನೆಯ ಜಗಲಿಯ ಮುಂದೆ ಶಾಮಿಯಾನ ಹಾಕಿದ್ದರು. ಗಂಡಸರು ಹೊಗೆಸೊಪ್ಪು ಹದಮಾಡುವ ಬ್ಯಾರನ್ ಮನೆಯ ನೆರಳಿನಲ್ಲಿ ಕೂತಿದ್ದರು. ಹೊಲದಲ್ಲಿ ಗುಂಡಿ ತೋಡುವ ಸದ್ದು ಅಲ್ಲಿಗೆ ಕೇಳುತ್ತಿತ್ತು. ಹೆಂಗಸರ ನಡುವೆ ದೊಡ್ಡತಾಯಮ್ಮ ಕಂಠಪ್ಪನ ಕತೆ ಹೇಳುತ್ತಿದ್ದಳು. ಕಂಪ್ಯೂಟರಿಗೂ ಮುಂಚೆ, ಕತ್ತರಿಯಲ್ಲಿ ಕತ್ತರಿಸಿ ಅಂಟಿಸುತ್ತಿದ್ದ ಕಾಲದಲ್ಲಿ, ತೀರಿಕೊಂಡ ಅವಳ ಅತ್ತೆಯ ಫೋಟೋ ಮಾಡಿಕೊಡಲು ಹೇಳಿದರೆ ಪಕ್ಕದಲ್ಲಿ ನಿಂತಿದ್ದ ದೊಡ್ಡತಾಯಮ್ಮನದನ್ನೇ ಮಾಡಿ, ಕಟ್ಟು ಹಾಕಿಸಿ ಕೊಟ್ಟಿದ್ದನಂತೆ.

"ಬದುಕಿರೋಳ್ಗೆ ಹಾರ ಹಾಕ್ದಂಗಾಯ್ತಲ್ಲಪ್ಪಾ ಅಂದೆ. ಮಖ ಸಣ್ಣಗ್ ಮಾಡ್ಕೊಂಡು ನಿಂತ್ಕಂಡ. ಬುಡು, ಪೆಟ್ಟಿಗೇಲಿ ಮಡಿಕ್ಕೊತೀನಿ, ಮುಂದುಕ್ ಬೇಕಾಯ್ತದೆ ಅಂದೆ. ಈಗ್ಲೂ ಅದೆ."

ಅಳುತ್ತಿದ್ದ ಚೆಲುವಮ್ಮನ ಮುಖದಲ್ಲೂ ನಗು ಬಂದು ಹೋಯಿತು. ಖದೀರ್ ಚಪ್ಪಲಿ ಬಿಟ್ಟು ಹತ್ತಿರ ಹೋಗಿ ಫ್ರೇಮನ್ನು ಅವಳ ಕೈಗೆ ಕೊಟ್ಟ. ಅವಳು ಸೆರಗಿನಿಂದ ಗಾಜು ಒರೆಸಿ ನೋಡಿದಳು.

"ನಗ್ತಾ ಅವ್ರೆ. ಎಲ್ಲೀದು ಇದು?"

"ತಹಸೀನ್ ಮದ್ವೆದು ಅಕ್ಕ."

"ಅವತ್ತು ನೀವಿಬ್ರೂ ನಿಂತಿದ್ರಲ್ಲ." ಅವಳ ಬೆರಳು ಭುಜದ ಅಂಚಿನ ಮೇಲೆ ಹರಿಯಿತು. "ಚಂದಾಗದೆ. ಒಬ್ರೇ ಆಗ್ಬುಟ್ಟವ್ರೆ ಕಣಪ್ಪ."

ಖದೀರ್ ತಲೆ ತಗ್ಗಿಸಿದ. ಯಾರಾದರೂ ಏನಾದರೂ ಅಂದುಕೊಂಡಾರು ಎಂದು ನನ್ನ ಹಸಿರನ್ನು ತೆಗೆದೆ ಎಂದ. ಚೆಲುವಮ್ಮ ಪಕ್ಕದಲ್ಲಿ ನಿಂತಿದ್ದ ಮೈದುನನ ಕಡೆ ನೋಡಿದಳು. ಪುಟ್ಟಸ್ವಾಮಿ ಫ್ರೇಮನ್ನು ತೆಗೆದುಕೊಂಡು ಒಮ್ಮೆ ನೋಡಿ ಖದೀರನಿಗೇ ವಾಪಸ್ಸು ಕೊಟ್ಟ. ರಮ್ಯ ಇನ್ನೂ ಕೆ.ಆರ್. ನಗರ ದಾಟಿಲ್ಲ ಎಂದ.

"ಅವ್ಳು ಬಂದ್ರೂ ಸರಿಯೆ, ನೀನು ಬರಗಂಟ ಎತ್ತಾಕಿಲ್ಲ. ಹೋಗಿ, ಅಣ್ಣ ಮಾಡಿಸ್ತಿದ್ದಂಗೆ ಮಾಡ್ಕಂಡು ಬಾ."

*

ಸ್ಟುಡಿಯೋದಲ್ಲಿ ಕಂಪ್ಯೂಟರ್ ಆರಿಸದೆ ಹೋಗಿದ್ದ. ಕಂಠಪ್ಪ ಹಾಗೆಯೇ ನಗುತ್ತಿದ್ದರು. ಖದೀರ್ ಕುಂಚವನ್ನು ದೊಡ್ಡದು ಮಾಡಿ, ಅದರ ಅಂಚನ್ನು ಮೆತ್ತಗೆ ಮಾಡಿ, ಭುಜದ ಬಳಿ ಆಡಿಸಿದ. ಮುಚ್ಚಿದ್ದದ್ದು ಮೆಲ್ಲಗೆ ತೆರೆಯಿತು. ಮೊದಲು ಬರೀ ಒಂದು ನೆರಳು, ಆಮೇಲೆ ನೆನೆದ ಹುಲ್ಲಿನಂಥ ಹಸಿರು. ಅವನ ಕಿವಿ ಕುರ್ಚಿಯ ಹಿಂದಿನಿಂದ ಬರುವ ಮಾತಿಗೆ ಕಾಯುತ್ತಿತ್ತು. ಇನ್ನೊಮ್ಮೆ ಆಡಿಸಿದ. ಜುಬ್ಬದ ಮಡಿಕೆಯೊಂದು ಕಾಣಿಸಿಕೊಳ್ಳುವ ಮುಂಚೆ ಅವನ ಬೆರಳು ತಾನಾಗಿಯೇ ಎದ್ದಿತು.

"ಸಾಕು ಬುಡು" ಎಂದು ಅವನೇ ಹೇಳಿಕೊಂಡ.

ಅವನು ಹಿಂದಿರುಗಿದಾಗ ರಮ್ಯ ಬಂದು ಅಪ್ಪನ ಪಾದ ಹಿಡಿದು ಕೂತಿದ್ದಳು. ತಮಟೆಯವರು ಬೆಂಕಿಗೆ ತಮಟೆ ಕಾಯಿಸಿಟ್ಟು ಕಾದಿದ್ದರು. ಪುಟ್ಟಸ್ವಾಮಿ ಫೋಟೋವನ್ನು ಅಣ್ಣನ ಪಕ್ಕ, ಹಣತೆಯ ಹಿಂದೆ ಇಟ್ಟು ಹಾರ ಹಾಕಿದ. ದೊಡ್ಡತಾಯಮ್ಮ ಕಣ್ಣು ಕಿರಿದು ಮಾಡಿ ಬಗ್ಗಿ ನೋಡಿದಳು.

"ಈ ಹಸ್ರು ಯಾರ್ದವ್ವ?"

"ನಮ್ ಖದೀರಂದು," ಎಂದಳು ಚೆಲುವಮ್ಮ.

ದೊಡ್ಡತಾಯಮ್ಮ ತಲೆದೂಗಿದಳು. ತನ್ನ ಮನೆಯ ಗೋಡೆಯ ಮೇಲಿನ ಫೋಟೋದ ಕೆಂಪು ನೆನಪಾಯಿತೇನೋ, ಸೆರಗನ್ನು ಎಳೆದುಕೊಂಡು ಸರಿದು ಕೂತಳು.

ಹೊಲದಲ್ಲಿ ಎಲ್ಲರೂ ಸಾಲಾಗಿ ಬಂದು ಮಣ್ಣು ಹಾಕಿದರು. ಪುಟ್ಟಸ್ವಾಮಿಯ ನಂತರ ಖದೀರನಿಗೆ ದಾರಿ ಬಿಟ್ಟರು. ಅವನು ತನ್ನವರಿಗೆ ಹಾಕುವಂತೆಯೇ ಮೂರು ಹಿಡಿ ಹಾಕಿದ. ತಿರುಗಿ ಬರುವಾಗ ಜಗಲಿ ಖಾಲಿಯಿತ್ತು, ಫೋಟೋ ಮಾತ್ರ ಗೋಡೆಗೆ ಒರಗಿತ್ತು. ಸಂಜೆಯ ಬಿಸಿಲು ಗಾಜಿನ ಮೇಲೆ ಬಿದ್ದು ಕಂಠಪ್ಪನವರ ಬಿಳಿ ಅಂಗಿ ಎಲ್ಲಿ ಮುಗಿಯಿತು, ಹಸಿರು ಎಲ್ಲಿ ಶುರುವಾಯಿತು ಎಂಬುದು ಕಾಣುತ್ತಿರಲಿಲ್ಲ.

ಅವತ್ತು ಟೀ ಅಂಗಡಿಯಲ್ಲಿ ನೀವು ಕರೆಯದಿದ್ದರೆ ನಾನು ಏನಾಗುತ್ತಿದ್ದೆನೋ ಎಂದು ಖದೀರ್ ಅವರಿಗೆ ಒಂದು ದಿನವೂ ಹೇಳಿರಲಿಲ್ಲ.